ಒಂದು, ಐದು, ಹದಿಮೂರು: ಮನೆಯಲ್ಲೇ ಎಪ್ಪತ್ತರ ದಶಕದ ಫಂಕ್

ಓದುಗರ ಪ್ರಶ್ನೆ, ನಮ್ಮ ಉತ್ತರ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಫಂಕ್ ಗಿಟಾರ್ ರೆಕಾರ್ಡಿಂಗ್ ಕುರಿತವನ್ನು ಈ ಸಲ ಒಂದೆಡೆ ತೆಗೆದುಕೊಂಡಿದ್ದೇವೆ. ಫಂಕ್ ಎಂದರೆ 1960ರ ದಶಕದ ನಡುವಿನಲ್ಲಿ ಅಮೆರಿಕದ ಕಪ್ಪು ಸಂಗೀತಗಾರರು, ಮುಖ್ಯವಾಗಿ ಜೇಮ್ಸ್ ಬ್ರೌನ್ ಮತ್ತು ಅವರ ತಂಡದವರು, ರೂಪಿಸಿದ ಲಯಪ್ರಧಾನ ಸಂಗೀತ. ಎಪ್ಪತ್ತರ ದಶಕ ಅದರ ತುಂಬು ಹರೆಯ. ಇದರಲ್ಲಿ ಗಿಟಾರ್ ರಾಗ ಹಾಡುವುದಕ್ಕಿಂತ ತಾಳ ಹಿಡಿಯುವುದೇ ಹೆಚ್ಚು. ಈ ಮಾತನ್ನು ನೆನಪಿಟ್ಟುಕೊಂಡರೆ ಮುಂದಿನ ಉತ್ತರಗಳು ಸುಲಭವಾಗುತ್ತವೆ.

ಪ್ರಶ್ನೆ: ನನ್ನ ಹತ್ತಿರ ಸ್ಟ್ರಾಟೊಕ್ಯಾಸ್ಟರ್ ಮಾದರಿಯ ಗಿಟಾರ್, ಎರಡು ಇನ್‌ಪುಟ್‌ಗಳ ಆಡಿಯೊ ಇಂಟರ್‌ಫೇಸ್ (ಗಿಟಾರ್ ಸದ್ದನ್ನು ಲ್ಯಾಪ್‌ಟಾಪಿಗೆ ತಲುಪಿಸುವ ಪೆಟ್ಟಿಗೆ), 8 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್ ಇವೆ. ನ್ಯೂರಲ್ ಆಂಪ್ ಮಾಡೆಲರ್‌ನಲ್ಲಿ (ಆಂಪ್, ಅಂದರೆ ಗಿಟಾರ್ ಆಂಪ್ಲಿಫೈಯರ್, ಅದರ ಸದ್ದನ್ನು ಲ್ಯಾಪ್‌ಟಾಪಿನಲ್ಲೇ ಅನುಕರಿಸುವ ಸಾಫ್ಟ್‌ವೇರ್) ಹತ್ತಾರು ಆಂಪ್ ಫೈಲು ಹಾಕಿ ನೋಡಿದೆ. ರಾಕ್ ಚೆನ್ನಾಗಿ ಬರುತ್ತದೆ. ಫಂಕ್ ನುಡಿಸಿದರೆ ಮಾತ್ರ ಕೆಲವು ಫೈಲುಗಳಲ್ಲಿ ತಗಡಿನ ಡಬ್ಬಿ ಬಡಿದಂತೆ, ಕೆಲವುಗಳಲ್ಲಿ ಬಾಯಿಗೆ ಬಟ್ಟೆ ಕಟ್ಟಿದಂತೆ ಕೇಳಿಸುತ್ತದೆ. ಯಾವ ಆಂಪ್ ಆರಿಸಬೇಕು, ನಾಬ್‌ಗಳು ಎಲ್ಲಿರಬೇಕು?
— ಎಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ತಗಡಿನ ಸದ್ದು, ಬಟ್ಟೆ ಕಟ್ಟಿದ ಸದ್ದು, ಎರಡಕ್ಕೂ ಮೂಲ ಒಂದೇ: ಸ್ಪೀಕರ್ ಪೆಟ್ಟಿಗೆ. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಸದ್ದನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ನಮಗೆ ಪರಿಚಿತವಾದ ಗಿಟಾರ್ ಧ್ವನಿ ಹೀಗೆ ನುಂಗಿ ಉಳಿದದ್ದು. ಸಾಫ್ಟ್‌ವೇರ್‌ನಲ್ಲಿ ಈ ಪೆಟ್ಟಿಗೆಯ ಕೆಲಸವನ್ನು ಮಾಡುವುದು ಇಂಪಲ್ಸ್ ರೆಸ್ಪಾನ್ಸ್ ಎಂಬ ಪುಟ್ಟ ಆಡಿಯೊ ಫೈಲು. ಎಲ್ಲರೂ ಐಆರ್ ಎನ್ನುತ್ತಾರೆ. ಹಂಚಿಕೆಯಲ್ಲಿ ಸಿಗುವ ಆಂಪ್ ಫೈಲುಗಳಲ್ಲಿ ಕೆಲವು ಆಂಪನ್ನು ಮಾತ್ರ ಹಿಡಿದವು, ಕೆಲವು ಆಂಪ್, ಸ್ಪೀಕರ್, ಮೈಕ್ ಮೂರನ್ನೂ ಕೂಡಿಸಿ ಹಿಡಿದವು. ಮೊದಲ ಜಾತಿಗೆ ಐಆರ್ ಹಾಕದಿದ್ದರೆ ತಗಡು. ಎರಡನೆಯದಕ್ಕೆ ಮತ್ತೊಂದು ಐಆರ್ ಹಾಕಿದರೆ ಒಂದರ ಮೇಲೊಂದು ಎರಡು ಪೆಟ್ಟಿಗೆ ಕೂತು ಬಾಯಿ ಮುಚ್ಚಿದ ಹಾಗಾಗುತ್ತದೆ. ಫೈಲಿನ ವಿವರಣೆ ಓದಿ, ಅದಕ್ಕೆ ತಕ್ಕಂತೆ ಐಆರ್ ಹಾಕಿ ಅಥವಾ ತೆಗೆಯಿರಿ. ರಾಕ್‌ನಲ್ಲಿ ಡಿಸ್ಟಾರ್ಷನ್ (ಬೇಕೆಂದೇ ಒಡೆಸಿದ ಸದ್ದು) ಇದನ್ನೆಲ್ಲ ಸ್ವಲ್ಪ ಮರೆಮಾಡುತ್ತದೆ. ಫಂಕ್‌ನ ಶುಭ್ರ ಸದ್ದಿನಲ್ಲಿ ಯಾವುದೂ ಮರೆಯಾಗುವುದಿಲ್ಲ.

ಆಂಪ್ ಆಯ್ಕೆಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಫೆಂಡರ್ ಟ್ವಿನ್ ರಿವರ್ಬ್‌ನ ಶುಭ್ರ ಮಾದರಿ ಒಂದಿದ್ದರೆ ಸಾಕು. ಇದು 85 ವ್ಯಾಟ್‌ನ, 12 ಇಂಚಿನ ಎರಡು ಸ್ಪೀಕರ್‌ಗಳ ಆಂಪ್. ಜೋರು ಮಾಡಿದರೂ ಸದ್ದು ಬೇಗ ಒಡೆಯುವುದಿಲ್ಲ. ನಿಜವಾದ ಟ್ವಿನ್ ಅನ್ನು ಅದರ ಹದಕ್ಕೆ ತಂದು ನುಡಿಸಿದರೆ ವಿದ್ಯಾನಗರದ ಅಪಾರ್ಟ್‌ಮೆಂಟಿನಲ್ಲಿ ಮೇಲಿನವರು, ಕೆಳಗಿನವರು ಇಬ್ಬರೂ ಬಾಗಿಲು ತಟ್ಟುತ್ತಾರೆ. ಮಾಡೆಲಿಂಗ್‌ನ ದೊಡ್ಡ ಉಪಕಾರ ಅಲ್ಲೇ ಇದೆ. ನಾಬ್‌ಗಳಿರುವ ಆಂಪ್ ಪ್ಲಗಿನ್ ಆದರೆ ಹೀಗೆ ಶುರುಮಾಡಿ: ವಾಲ್ಯೂಮ್ 3, ಟ್ರೆಬಲ್ 6, ಮಿಡಲ್ 5, ಬಾಸ್ 3, ರಿವರ್ಬ್ (ಮಾರ್ದನಿ) 1 ಅಥವಾ ಸೊನ್ನೆ. ನ್ಯೂರಲ್ ಆಂಪ್ ಮಾಡೆಲರ್‌ನಲ್ಲಿ ಒಂದು ವಿಷಯ ತಿಳಿದಿರಲಿ. ಅದರ ಫೈಲು ಆಂಪಿನ ಒಂದೇ ಸೆಟ್ಟಿಂಗ್‌ನ ಪಡಿಯಚ್ಚು. ಪ್ಲಗಿನ್ನಿನ ಮೇಲೆ ಕಾಣುವ ಬಾಸ್, ಟ್ರೆಬಲ್ ನಾಬ್‌ಗಳು ಆ ಆಂಪಿನವಲ್ಲ, ಸದ್ದಿನ ಬೇರೆಬೇರೆ ಸ್ಥಾಯಿಗಳನ್ನು ಹೆಚ್ಚುಕಡಿಮೆ ಮಾಡುವ ಸಾಮಾನ್ಯ ಈಕ್ಯೂ ಮಾತ್ರ. ಆದ್ದರಿಂದ ಅವನ್ನು ವಿಪರೀತ ತಿರುಗಿಸುವ ಬದಲು ಬೇರೆ ಫೈಲು ಹುಡುಕುವುದು ಲೇಸು.

ಇನ್ನು ಆಂಪಿಗೆ ಮುಂಚಿನ ಮಾತು. ಇಂಟರ್‌ಫೇಸಿನಲ್ಲಿ 'ಇನ್‌ಸ್ಟ್ರುಮೆಂಟ್' ಬಟನ್ ಒತ್ತಿರಲೇಬೇಕು. ಆಗ ಇನ್‌ಪುಟ್ಟಿನ ಇಂಪಿಡೆನ್ಸ್ (ವಿದ್ಯುತ್ ತಡೆ) ಸುಮಾರು 1 ಮೆಗಾಓಮ್ ಇರುತ್ತದೆ. ಲೈನ್ ಇನ್‌ಪುಟ್ಟಿನಲ್ಲಿ ಅದು ಬಹಳ ಕಡಿಮೆ. ತಂತಿಯ ಕಂಪನ ಹಿಡಿಯುವ ಗಿಟಾರ್ ಪಿಕಪ್ಪಿಗೆ ಆ ಹೊರೆ ತಡೆಯದೆ ಮೇಲಿನ ಹೊಳಪು ಸತ್ತುಹೋಗುತ್ತದೆ, ಆಮೇಲೆ ಎಷ್ಟು ಟ್ರೆಬಲ್ ಏರಿಸಿದರೂ ಮರಳಿ ಬರುವುದಿಲ್ಲ. ಗೇನ್ ಹೊಂದಿಸುವಾಗ ನೀವು ಎಷ್ಟು ಜೋರಾಗಿ ನುಡಿಸಬಲ್ಲಿರೋ ಅಷ್ಟು ಜೋರಾಗಿ ಬಾರಿಸಿ, ಮೀಟರಿನ ತುದಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲಲಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಕೆಂಪು ದೀಪದವರೆಗೆ ಏರಿಸುವುದರಿಂದ ಏನೂ ಲಾಭವಿಲ್ಲ. ಮಾಡೆಲಿಂಗ್‌ನಲ್ಲಂತೂ ನಷ್ಟವೇ. ಒಳಗೆ ಹೋಗುವ ಸಿಗ್ನಲ್ ಹೆಚ್ಚಾದಷ್ಟೂ ಮಾದರಿ ಆಂಪ್ ಒಡೆಯತೊಡಗುತ್ತದೆ, ನೀವು ಆಂಪನ್ನು ಬೈಯುತ್ತೀರಿ.

ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್, ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸ್ಯಾಂಪಲ್‌ಗಳ ಸಂಖ್ಯೆ) 128 ಇಡಿ. ಒಂದು ದಿಕ್ಕಿಗೆ 2.7 ಮಿಲಿಸೆಕೆಂಡ್, ಹೋಗಿಬರುವ ಒಟ್ಟು ತಡ 10 ಮಿಲಿಸೆಕೆಂಡಿನ ಆಸುಪಾಸು. ಆಂಪಿನಿಂದ 3 ಮೀಟರ್ ದೂರ ಕೂತರೆ ಸದ್ದು ಕಿವಿಗೆ ತಲುಪಲು ಸುಮಾರು 9 ಮಿಲಿಸೆಕೆಂಡ್ ಬೇಕು, ಅಂದರೆ ಕೈಗೆ ಅಂಥ ವ್ಯತ್ಯಾಸವೇನೂ ತಿಳಿಯುವುದಿಲ್ಲ. ಸದ್ದು ಚಟಪಟ ಸಿಡಿದರೆ ಬಫರನ್ನು 256ಕ್ಕೆ ಏರಿಸಿ. ವಿಂಡೋಸ್ ಆದರೆ ಇಂಟರ್‌ಫೇಸ್ ತಯಾರಕರದೇ ಎಎಸ್‌ಐಒ ಡ್ರೈವರ್ (ತಡ ಕಡಿಮೆ ಮಾಡುವ ಚಾಲಕ ತಂತ್ರಾಂಶ) ಬಳಸಿ. ಮತ್ತೊಂದು: ಇಂಟರ್‌ಫೇಸಿನ 'ಡೈರೆಕ್ಟ್ ಮಾನಿಟರ್' ಸ್ವಿಚ್ ಆಫ್ ಇರಲಿ. ಅದು ಆನ್ ಇದ್ದರೆ ಕಚ್ಚಾ ಗಿಟಾರ್ ಮೊದಲು, ಆಂಪ್ ದಾಟಿದ ಗಿಟಾರ್ ಆಮೇಲೆ, ಎರಡೂ ಕೂಡಿ ಪೊಳ್ಳು ಸದ್ದು ಬರುತ್ತದೆ. ಹೊಸಬರು ಈ ಪೊಳ್ಳನ್ನೂ ಆಂಪಿನ ತಲೆಗೇ ಕಟ್ಟುತ್ತಾರೆ.

ಪಿಕಪ್ ಸ್ವಿಚ್ಚನ್ನು ಕತ್ತಿನ ಮತ್ತು ನಡುವಿನ ಪಿಕಪ್‌ಗಳು ಕೂಡುವ ಜಾಗದಲ್ಲಿಡಿ; ಹರಿತ ಬೇಕಾದರೆ ನಡುವಿನ ಮತ್ತು ಸೇತುವೆಯ ಪಿಕಪ್. ಸ್ಟ್ರಾಟೊಕ್ಯಾಸ್ಟರಿಗೆ ಐದು ಜಾಗದ ಸ್ವಿಚ್ ಕಾರ್ಖಾನೆಯಿಂದಲೇ ಬಂದದ್ದು 1977ರಲ್ಲಿ. ಅದಕ್ಕೂ ಮುಂಚೆ ನುಡಿಸುವವರು ಮೂರು ಜಾಗದ ಸ್ವಿಚ್ಚನ್ನು ನಡುನಡುವೆ ಸಿಕ್ಕಿಸಿ ಇದೇ ಸದ್ದು ತೆಗೆಯುತ್ತಿದ್ದರು. ತಂತಿ 10ರಿಂದ 46ರ ಸೆಟ್, ಪಿಕ್ 0.60ರಿಂದ 0.73 ಮಿಲಿಮೀಟರ್. ದಪ್ಪ ಪಿಕ್ ತಂತಿಗೆ ಅಡಚಿ ಕೈಯ ಓಟ ನಿಲ್ಲಿಸುತ್ತದೆ.

ಆಂಪ್ ಆದಮೇಲೆ ಎರಡೇ ಸಾಧನ. 100ರಿಂದ 120 ಹರ್ಟ್ಸ್‌ನಲ್ಲಿ ಹೈಪಾಸ್ ಫಿಲ್ಟರ್ ಹಾಕಿ. ಅದಕ್ಕಿಂತ ಕೆಳಗಿನ ಜಾಗ ಬಾಸ್ ಗಿಟಾರಿನದು. ನಂತರ ದೊಡ್ಡ ಸದ್ದನ್ನು ತಗ್ಗಿಸುವ ಕಂಪ್ರೆಸರ್: ಅನುಪಾತ 4ಕ್ಕೆ 1, ಅಟ್ಯಾಕ್ (ತಗ್ಗಿಸಲು ಹಿಡಿಯುವ ಸಮಯ) 15 ಮಿಲಿಸೆಕೆಂಡ್, ರಿಲೀಸ್ (ಕೈಬಿಡುವ ಸಮಯ) 100 ಮಿಲಿಸೆಕೆಂಡ್, ಮುಳ್ಳು 3ರಿಂದ 5 ಡೆಸಿಬೆಲ್ ಅಲುಗಿದರೆ ಸಾಕು. ಅಟ್ಯಾಕ್ ತೀರಾ ಬೇಗ ಇಟ್ಟರೆ ಪಿಕ್ ತಂತಿಗೆ ತಾಕುವ 'ಟಕ್' ಸದ್ದೇ ಸಾಯುತ್ತದೆ, ಫಂಕ್‌ನ ಜೀವ ಅದು. ನಿಮಿಷಕ್ಕೆ 100 ಬೀಟ್ ವೇಗದಲ್ಲಿ, ಬೀಟಿಗೆ ನಾಲ್ಕು ಹೊಡೆತದಂತೆ, ಒಂದು ಹೊಡೆತದಿಂದ ಇನ್ನೊಂದಕ್ಕೆ 150 ಮಿಲಿಸೆಕೆಂಡ್ ಇರುತ್ತದೆ. ರಿಲೀಸ್ ಅದಕ್ಕಿಂತ ಕಡಿಮೆ ಇದ್ದರೆ ಮುಂದಿನ ಹೊಡೆತ ಬರುವ ಹೊತ್ತಿಗೆ ಕಂಪ್ರೆಸರ್ ಬಹುಪಾಲು ಕೈಬಿಟ್ಟಿರುತ್ತದೆ. ಆ ಕಾಲದ ಸ್ಟುಡಿಯೊಗಳಲ್ಲಿ ಗಿಟಾರನ್ನು ಆಂಪೇ ಇಲ್ಲದೆ ನೇರ ಮಿಕ್ಸರಿಗೆ ಸೇರಿಸುವುದೂ ಇತ್ತು. ಆದ್ದರಿಂದ ಆಂಪ್ ಪ್ಲಗಿನ್ ಪೂರ್ತಿ ತೆಗೆದು, ಬರೀ ಕಂಪ್ರೆಸರ್ ಮತ್ತು ಈಕ್ಯೂ ಇಟ್ಟು ಒಮ್ಮೆ ಕೇಳಿ. ಅದೇ ಸರಿಯೆನಿಸಿದರೆ ಸಂಕೋಚ ಬೇಡ.

ಪ್ರಶ್ನೆ: ನಾನು ಗದಗಿನಲ್ಲಿ ತಬಲಾ ಕಲಿಯುತ್ತೇನೆ. ಗೆಳೆಯನ ಗಿಟಾರ್ ಎತ್ತಿಕೊಂಡು ಫಂಕ್ ಪ್ರಯತ್ನಿಸುತ್ತಿದ್ದೇನೆ. ಕಲಿಸುವ ವಿಡಿಯೊಗಳಲ್ಲಿ ಎಣಿಸುವ ರೀತಿ ತಲೆಗೆ ಹತ್ತುತ್ತಿಲ್ಲ. ನಮ್ಮ ತಾಳದ ಲೆಕ್ಕದಲ್ಲಿ ಹೇಳಲು ಸಾಧ್ಯವೇ?
— ತಬಲಾ ವಿದ್ಯಾರ್ಥಿ, ಗದಗ

ಉತ್ತರ: ಚೆನ್ನಾಗಿ ಸಾಧ್ಯ. ನಿಮಗೆ ಅರ್ಧ ಕೆಲಸ ಈಗಾಗಲೇ ಆಗಿದೆ. ಫಂಕ್‌ನ ಒಂದು ಬಾರ್‌ನಲ್ಲಿ ನಾಲ್ಕು ಬೀಟ್, ಒಂದೊಂದು ಬೀಟಿಗೆ ನಾಲ್ಕು ಭಾಗ, ಒಟ್ಟು 16. ಅದನ್ನು ಅತಿದ್ರುತ್ ತೀನ್‌ತಾಲ್‌ನ ಒಂದು ಆವರ್ತನ ಎಂದೇ ಎಣಿಸಿ. ತೀನ್‌ತಾಲ್‌ನಲ್ಲಿ ತಾಳಿ (ಚಪ್ಪಾಳೆ) ಬೀಳುವುದು 1, 5, 13ನೇ ಮಾತ್ರೆಗೆ, 9 ಖಾಲಿ, ಅಲ್ಲಿ ಚಪ್ಪಾಳೆಯಿಲ್ಲ. ಫಂಕ್‌ನಲ್ಲಿ ಕಿಕ್ ಡ್ರಮ್ 1ಕ್ಕೆ ಗಟ್ಟಿಯಾಗಿ ಬೀಳುತ್ತದೆ, ಸ್ನೇರ್ ಡ್ರಮ್ 5ಕ್ಕೆ ಮತ್ತು 13ಕ್ಕೆ. 9ನೇ ಮಾತ್ರೆಯನ್ನು ಎಷ್ಟೋ ಸಲ ಹಗುರವಾಗಿಯೇ ಬಿಡುತ್ತಾರೆ. ಎರಡು ಪರಂಪರೆಗಳಿಗೂ ನಂಟಿಲ್ಲ, ಆದರೆ ನಿಮ್ಮ ಕೈಗೆ ಈ ಲೆಕ್ಕ ಆಗಲೇ ಗೊತ್ತು.

ವ್ಯತ್ಯಾಸವೂ ಇದೆ. ನಮ್ಮಲ್ಲಿ ತಿಹಾಯಿ (ಮೂರು ಸಲ ಬರುವ ಒಂದೇ ಬೋಲ್) ಎಲ್ಲೆಲ್ಲೋ ತಿರುಗಿ ಸಮ್‌ಗೆ, ಅಂದರೆ ಮೊದಲ ಮಾತ್ರೆಗೆ, ಬಂದು ಮುಗಿಯುತ್ತದೆ. ಫಂಕ್‌ನಲ್ಲಿ ಸಮ್‌ನಿಂದಲೇ ಎಲ್ಲ ಹೊರಡುತ್ತದೆ; ಬಾಸ್, ಕಿಕ್, ಗಿಟಾರ್ ಮೂರೂ ಅಲ್ಲಿ ಒಟ್ಟಿಗೆ ಕಾಲೂರಿ, ಆಮೇಲೆ ಬೇರೆಬೇರೆ ದಾರಿ ಹಿಡಿಯುತ್ತವೆ. ಜೇಮ್ಸ್ ಬ್ರೌನ್ ತಮ್ಮ ತಂಡದಿಂದ ಪಟ್ಟುಹಿಡಿದು ಕೇಳುತ್ತಿದ್ದದ್ದು ಈ 'ಒಂದ'ನ್ನೇ. ಅವರ ಗಿಟಾರ್ ವಾದಕ ಜಿಮ್ಮಿ ನೋಲೆನ್ ಬೆಳೆಸಿದ ಕೈಚಳಕಕ್ಕೆ 'ಚಿಕನ್ ಸ್ಕ್ರ್ಯಾಚ್' ಎಂಬ ಹೆಸರು ನಿಂತಿತು: ಕೋಳಿ ನೆಲ ಕೆದರಿದಂಥ ಸದ್ದು.

ಆ ಸದ್ದು ತೆಗೆಯುವುದು ಹೀಗೆ. ಬಲಗೈ ಮಣಿಕಟ್ಟಿನಿಂದ ಕೆಳಕ್ಕೆ, ಮೇಲಕ್ಕೆ ನಿಲ್ಲದೆ ಓಡುತ್ತಿರಬೇಕು: ಬೆಸ ಮಾತ್ರೆಗೆ ಕೆಳಗೆ, ಸಮ ಮಾತ್ರೆಗೆ ಮೇಲೆ. ಎಡಗೈ ತಂತಿಗಳ ಮೇಲೆ ಸುಮ್ಮನೆ ಕೂತಿರಲಿ, ಫ್ರೆಟ್ಟಿಗೆ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ) ತಾಕುವಷ್ಟು ಒತ್ತಬಾರದು. ಆಗ ಬರುವುದು 'ಕ' ಎಂಬ ಒಣ ಸದ್ದು, ಸ್ವರವಿಲ್ಲ. ಬೇಕಾದ ಮಾತ್ರೆಯಲ್ಲಿ ಮಾತ್ರ ಎಡಗೈ ಒತ್ತಿ ತಕ್ಷಣ ಸಡಿಲಿಸಿದರೆ 'ಛಣ್'. ಸ್ವರ ಬರುವುದೂ ನಿಲ್ಲುವುದೂ ಎಡಗೈಯಿಂದ. ಬಲಗೈ ಬರೀ ಗಡಿಯಾರ. ಡಗ್ಗೆಯ ಮೇಲೆ ಅಂಗೈ ಕೂರಿಸಿ 'ಕ' ತೆಗೆಯುವ, ಅಂಗೈ ಎತ್ತಿ ನಾದ ಬಿಡುವ ವ್ಯತ್ಯಾಸ ನಿಮಗೆ ತಿಳಿದದ್ದೇ.

ಕಾರ್ಡ್‌ಗೆ ಇ-ನೈನ್ತ್ ಹಿಡಿಯಿರಿ: ಐದನೇ ತಂತಿ 7ನೇ ಫ್ರೆಟ್, ನಾಲ್ಕನೇ ತಂತಿ 6, ಮೂರು, ಎರಡು, ಒಂದನೇ ತಂತಿಗಳು 7. ಹಿಡಿಯುವುದು ಐದು ತಂತಿಯಾದರೂ ಹೊಡೆಯುವುದು ಮೇಲುಸ್ಥಾಯಿಯ ಮೂರೋ ನಾಲ್ಕೋ ತಂತಿಗಳನ್ನು ಮಾತ್ರ. ಈಗ ಈ ಬೋಲ್:

1ರಿಂದ 4: ಛಣ್ ಕ ಕ ಛಣ್
5ರಿಂದ 8: – ಕ ಛಣ್ ಕ
9ರಿಂದ 12: ಕ ಛಣ್ ಕ ಕ
13ರಿಂದ 16: – ಛಣ್ ಕ ಕ

ಗೆರೆ ಇರುವಲ್ಲಿ ಕೈ ಗಾಳಿಯಲ್ಲಿ ಓಡಲಿ, ತಂತಿಗೆ ತಾಕದಿರಲಿ. ಆ ಎರಡು ಜಾಗ ಸ್ನೇರ್‌ನದು. 'ಛಣ್'ಗಳ ನಡುವಿನ ಅಂತರ ಲೆಕ್ಕಹಾಕಿ: 3, 3, 3, 4, 3. ಕೂಡಿದರೆ 16. ನಾಲ್ಕರ ನಡಿಗೆಯ ಮೇಲೆ ಮೂರರ ನಡಿಗೆ ಕೂತದ್ದರಿಂದಲೇ ಕಾಲು ತಾನಾಗಿ ಕುಣಿಯುತ್ತದೆ. ಮೊದಲು ಬಾಯಲ್ಲಿ ಹೇಳಿ, ತೊಡೆಯ ಮೇಲೆ ತಾಳಿ ಹಾಕಿ, ಆಮೇಲೆ ಗಿಟಾರ್ ಎತ್ತಿಕೊಳ್ಳಿ. ಮೆಟ್ರೊನೋಮ್ 60ರಲ್ಲಿ ಶುರುವಾಗಲಿ, ವಾರಕ್ಕೆ ಐದೈದು ಏರಿಸಿ. 95ರಿಂದ 110ರ ನಡುವೆ ಈ ಜಾತಿಯ ಫಂಕ್ ಆರಾಮಾಗಿ ಕೂರುತ್ತದೆ. ಬಲಗೈ ಬಿಗಿಯಾದರೆ ಮಾತ್ರೆಗಳು ಮುಂದಕ್ಕೆ ಜಾರುತ್ತವೆ. ಮಣಿಕಟ್ಟು ನೋಯತೊಡಗಿದರೆ ನಿಲ್ಲಿಸಿ; ಅದು ಸಾಧನೆಯ ನೋವಲ್ಲ, ತಪ್ಪು ಹಿಡಿತದ ನೋವು.

ಪ್ರಶ್ನೆ: ಗಿಟಾರ್ ಸೇರಿಸಿದ ಕೂಡಲೇ ಗುಂಯ್ ಎನ್ನುತ್ತದೆ. ಕಂಪ್ರೆಸರ್ ಹಾಕಿದರೆ ಇನ್ನೂ ಹೆಚ್ಚು. ನಾಯ್ಸ್ ಗೇಟ್ ಹಾಕಿದರೆ ನುಡಿಸಿದ್ದೇ ತುಂಡುತುಂಡಾಗುತ್ತದೆ.
— ಸಪ್ತಾಪುರ, ಧಾರವಾಡ

ಉತ್ತರ: ಕಂಪ್ರೆಸರ್ ದೊಡ್ಡ ಸದ್ದನ್ನು 6 ಡೆಸಿಬೆಲ್ ಇಳಿಸಿ, ಒಟ್ಟನ್ನು 6 ಡೆಸಿಬೆಲ್ ಏರಿಸಿದರೆ ಗುಂಯ್ ಕೂಡ ಅಷ್ಟೇ ಏರುತ್ತದೆ. ಗೇಟ್ ಸಣ್ಣ ಸದ್ದನ್ನೆಲ್ಲ ಕತ್ತರಿಸುತ್ತದೆ, ಫಂಕ್‌ನ 'ಕ'ಗಳು ಸಣ್ಣ ಸದ್ದುಗಳೇ. ಹಾಗಾಗಿ ಈ ಸಂಗೀತಕ್ಕೆ ಗೇಟ್ ಬೇಡ. ಗುಂಯ್ ಹುಟ್ಟುವ ಜಾಗದಲ್ಲೇ ಅದನ್ನು ಹಿಡಿಯಬೇಕು.

ಒಂದೊಂದಾಗಿ ಪರೀಕ್ಷಿಸಿ. ಮೊದಲು ಫ್ಯಾನ್ ನಿಲ್ಲಿಸಿ. ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ಗಳಲ್ಲಿ ಹಲವು ಕರೆಂಟಿನ ಅಲೆಯನ್ನು ಕತ್ತರಿಸಿ ವೇಗ ಇಳಿಸುತ್ತವೆ. ಆ ಕತ್ತರಿಕೆಯ ಝರ್ ಸದ್ದನ್ನು ಸಿಂಗಲ್ ಕಾಯಿಲ್ ಪಿಕಪ್ ಗಾಳಿಯಿಂದಲೇ ಹೀರಿಕೊಳ್ಳುತ್ತದೆ. ಫ್ಯಾನ್ ಬೇಕೇ ಬೇಕೆಂದರೆ ಪೂರ್ತಿ ವೇಗದಲ್ಲಿಡಿ, ಆಗ ಝರ್ ಬಹಳ ತಗ್ಗುತ್ತದೆ. ನಂತರ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್. ಆಮೇಲೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಕೊನೆಗೆ ಗಿಟಾರ್ ಹಿಡಿದು ಕುರ್ಚಿಯಲ್ಲೇ ನಿಧಾನ ತಿರುಗಿ: ಯಾವುದೋ ಒಂದು ದಿಕ್ಕಿನಲ್ಲಿ ಗುಂಯ್ ಅರ್ಧಕ್ಕರ್ಧ ತಗ್ಗುತ್ತದೆ. ಅಲ್ಲೇ ಕೂತು ರೆಕಾರ್ಡ್ ಮಾಡಿ. ಎರಡು ಪಿಕಪ್ ಕೂಡುವ ಜಾಗದಲ್ಲಿ, ನಡುವಿನ ಪಿಕಪ್ಪನ್ನು ವಿರುದ್ಧವಾಗಿ ಸುತ್ತಿದ್ದರೆ, ಗುಂಯ್ ತಾನೇ ರದ್ದಾಗುತ್ತದೆ; ಈಗಿನ ಬಹಳಷ್ಟು ಗಿಟಾರ್‌ಗಳಲ್ಲಿ ಹಾಗೇ ಇರುತ್ತದೆ.

ತಂತಿ ಮುಟ್ಟಿದಾಗ ಗುಂಯ್ ತಗ್ಗಿ ಬಿಟ್ಟಾಗ ಏರಿದರೆ ಗಿಟಾರಿನಲ್ಲಿ ದೋಷವಿಲ್ಲ, ಮನೆಯ ಅರ್ಥಿಂಗ್ ನೋಡಬೇಕು. ಕೆಲವು ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಅರ್ಥ್ ತಂತಿ ಒಳಗೆ ಸೇರಿರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಸರಿಮಾಡಿಸಿ. ಗುಂಯ್ ಹೋಗುತ್ತದೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯಲು ಯಾರಾದರೂ ಹೇಳಿದರೆ ಕೇಳಬೇಡಿ. ಲೋಹದ ತಂತಿಯ ಮೇಲೆ ಕೈಯಿಟ್ಟು ನುಡಿಸುವವರಿಗೆ ಅದು ಪ್ರಾಣದ ಪ್ರಶ್ನೆ. ಕರೆಂಟು ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ಗುಂಯ್ ಹೆಚ್ಚಿದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬಹುದು. ಆ ಹೊತ್ತು ಬ್ಯಾಟರಿಯಲ್ಲಿ ಲ್ಯಾಪ್‌ಟಾಪ್, ಅದರಿಂದಲೇ ಕರೆಂಟು ಪಡೆಯುವ ಯುಎಸ್‌ಬಿ ಇಂಟರ್‌ಫೇಸ್, ಇಷ್ಟೇ ಸಾಕು. ಉಳಿದ ಚೂರು ಗುಂಯ್‌ಗೆ 50, 100, 150 ಹರ್ಟ್ಸ್‌ಗಳಲ್ಲಿ ಕಿರಿದಾದ ಈಕ್ಯೂ ಕಡಿತ ಮಾಡಬಹುದು.

ಪ್ರಶ್ನೆ: ನಮಸ್ಕಾರ್ರೀ. ನಮ್ಮ ಖೋಲಿ ಹತ್ತು ಬೈ ಹತ್ತು ಐತ್ರಿ, ಆರ್‌ಸಿಸಿ ಮನಿ, ಚಪ್ಪಾಳಿ ಹೊಡದ್ರ ಗಣಗಣ ಅಂತೈತಿ. ಫೋಮ್ ಶೀಟ್ ಹಾಕಸಬೇಕಂದ್ರ ಭಾಳ ರೊಕ್ಕಾ ಹೇಳಾಕತ್ತಾರ. ತತ್ತಿ ಟ್ರೇ ಬಡದ್ರ ಸಾಕಂತಾರ ಕೆಲವ್ರು. ಖರೇನ ಏನ್ರೀ?
— ರಾಣೆಬೆನ್ನೂರು

ಉತ್ತರ: ತತ್ತಿ ಟ್ರೇಯಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ, ಮೇಲಾಗಿ ಬೇಗ ಬೆಂಕಿ ಹತ್ತುವ ವಸ್ತು. ಫೋಮಿನ ಖರ್ಚೂ ಈಗ ಬೇಡ. ಗಿಟಾರ್ ನೇರ ಇಂಟರ್‌ಫೇಸಿಗೆ ಹೋಗುವಾಗ ಖೋಲಿಯ ಗಣಗಣ ರೆಕಾರ್ಡಿಂಗ್‌ಗೆ ಸೇರುವುದೇ ಇಲ್ಲ. ಮೈಕ್ ಇಟ್ಟು ಹಾಡು, ಚಪ್ಪಾಳೆ, ಟ್ಯಾಂಬೊರಿನ್ ಹಿಡಿಯುವಾಗ ಮಾತ್ರ ಚಿಂತೆ. ಅದಕ್ಕೆ ಮನೆಯಲ್ಲಿರುವುದನ್ನೇ ಬಳಸಿ: ಕುರಿ ಉಣ್ಣೆಯ ಕಂಬಳಿ ಎರಡು ಪದರ, ಅಥವಾ ಎರಡು ಕೌದಿ ಒಂದರ ಮೇಲೊಂದು. ಗೋಡೆಗೆ ಅಂಟಿಸಿ ಬಡಿಯಬೇಡಿ. ಗೋಡೆಯಿಂದ 10 ಸೆಂಟಿಮೀಟರ್ ಮುಂದೆ ಹಗ್ಗಕ್ಕೆ ತೂಗಿಹಾಕಿ. ಗೋಡೆಗೆ ಒತ್ತಿಕೊಂಡ ಬಟ್ಟೆ ತುದಿಯ ಚಿಟಿಪಿಟಿಯನ್ನಷ್ಟೇ ಹೀರುತ್ತದೆ. ಆ 10 ಸೆಂಟಿಮೀಟರ್ ಗಾಳಿ ಇದ್ದರೆ ಕೆಳಗೆ ಸುಮಾರು 850 ಹರ್ಟ್ಸ್‌ನವರೆಗಿನ ಸದ್ದನ್ನೂ ಹೀರುತ್ತದೆ. ಹತ್ತಿ ಗಾದಿಯನ್ನು ಹಾಡುವವರ ಬೆನ್ನ ಹಿಂದೆ ನಿಲ್ಲಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಮೈಕ್ ನೋಡುತ್ತಿರುವುದು ಆ ಕಡೆಗೆ. ನೆಲಕ್ಕೆ ನವಲಗುಂದ ಜಮಖಾನ ಹಾಸಿ.

ಹೊರಗಿನ ಟ್ರ್ಯಾಕ್ಟರ್ ಸದ್ದು ಒಳಗೆ ಬರುವುದನ್ನು ಇವು ಯಾವುದೂ ತಡೆಯುವುದಿಲ್ಲ. ಅದಕ್ಕೆ ರಾತ್ರಿ ಹತ್ತರ ಮೇಲೆ ರೆಕಾರ್ಡ್ ಮಾಡುವುದೇ ದಾರಿ.

ಪ್ರಶ್ನೆ: ವಾ-ವಾ, ಫೇಸರ್, ಆಟೊ ವಾ: ಎಪ್ಪತ್ತರ ಫಂಕ್‌ಗೆ ಯಾವುದು? ಆಂಪಿಗೆ ಮುಂಚೆಯೋ, ಆಮೇಲೋ?
— ಹಾವೇರಿ

ಉತ್ತರ: ಮೂರೂ ಆ ಕಾಲದವೇ, ಮೂರನ್ನೂ ಆಂಪಿಗೆ ಮುಂಚೆ ಇಡಿ. ಒಂದು ಹಾಡಿಗೆ ಒಂದೇ ಸಾಕು. ವಾ-ವಾ ಪೆಡಲ್ ಮಾರುಕಟ್ಟೆಗೆ ಬಂದದ್ದು 1967ರಲ್ಲಿ. ಅದು ಸುಮಾರು 400 ಹರ್ಟ್ಸ್‌ನಿಂದ 2 ಕಿಲೋಹರ್ಟ್ಸ್‌ವರೆಗೆ ಓಡಾಡುವ ಒಂದು ಉಬ್ಬು, ಅಷ್ಟೇ. ಫಂಕ್‌ನಲ್ಲಿ ಕಾಲನ್ನು ಬೀಟಿಗೆ ಸರಿಯಾಗಿ ಆಡಿಸಿ, ಕೈ ಬರೀ 'ಕ'ಗಳನ್ನೇ ನುಡಿಸುತ್ತಿದ್ದರೂ ಸದ್ದು ಮಾತಾಡತೊಡಗುತ್ತದೆ. ಪೆಡಲ್ ಇಲ್ಲದವರು ಗಿಟಾರ್ ನುಡಿಸಿ ಮುಗಿಸಿ, ಆಮೇಲೆ ಪ್ಲಗಿನ್ನಿನ ವಾ ಜಾಗವನ್ನು ಆಟೊಮೇಷನ್ ಗೆರೆಯಾಗಿ ಬರೆಯಬಹುದು. ಆ ಗೆರೆ ಎಲ್ಲ ಬಾರ್‌ಗಳಲ್ಲೂ ಒಂದೇ ತೆರನಾಗಿದ್ದರೆ ಯಂತ್ರದಂತೆ ಕೇಳಿಸುತ್ತದೆ, ಅಲ್ಲಲ್ಲಿ ಕೈಯಿಂದಲೇ ಏರುಪೇರು ಮಾಡಿ.

ಆಟೊ ವಾ, ಅಂದರೆ ಎನ್ವಲಪ್ ಫಿಲ್ಟರ್, 1972ರ ಮ್ಯೂ-ಟ್ರಾನ್ 3ರಿಂದ ಜನಪ್ರಿಯವಾಯಿತು. ನೀವು ಎಷ್ಟು ಜೋರಾಗಿ ಹೊಡೆಯುತ್ತೀರಿ ಎಂಬುದರ ಮೇಲೆ ಅದು ಬಾಯಿ ತೆರೆಯುತ್ತದೆ. ಹೀಗಾಗಿ ಕಂಪ್ರೆಸರ್ ಅದರ ನಂತರವೇ ಬರಬೇಕು. ಮುಂಚೆ ಇಟ್ಟರೆ ಎಲ್ಲ ಹೊಡೆತವೂ ಒಂದೇ ಗಾತ್ರವಾಗಿ ಫಿಲ್ಟರ್ ಒಂದೇ ರೀತಿ ಬಾಯಿ ಬಿಡುತ್ತದೆ. 1974ರ ಎಂಎಕ್ಸ್‌ಆರ್ ಫೇಸ್ 90ರಂಥ ಫೇಸರ್ (ಸದ್ದಿಗೆ ಸುತ್ತುವ ಅಲೆಯಂಥ ಏರಿಳಿತ ಕೊಡುವ ಸಾಧನ) ನಿಧಾನ ತಿರುಗಬೇಕು: ಒಂದು ಸುತ್ತಿಗೆ ಎರಡು ಬಾರ್, ಅಂದರೆ 100ರ ವೇಗದಲ್ಲಿ 4.8 ಸೆಕೆಂಡ್.

ಪ್ರಶ್ನೆ: ಬಾಸ್ ಗಿಟಾರೂ ಇಲ್ಲ, ಡ್ರಮ್ ನುಡಿಸುವವರೂ ಇಲ್ಲ. ಗಿಟಾರ್ ಒಂದರಿಂದಲೇ ಹಾಡು ಕಟ್ಟಬಹುದೇ?
— ಕಾಲೇಜು ಗೆಳೆಯರಿಬ್ಬರು, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಕಟ್ಟಬಹುದು. ಬಾಸ್‌ಗೆ: ಕತ್ತಿನ ಪಿಕಪ್, ಟೋನ್ ನಾಬ್ ಅರ್ಧ, ಅಂಗೈ ಅಂಚನ್ನು ಸೇತುವೆಯ ಮೇಲಿಟ್ಟು ಹೆಬ್ಬೆರಳಿನಿಂದ ಒಂದೊಂದೇ ಸ್ವರ ನುಡಿಸಿ. ರೆಕಾರ್ಡ್ ಆದಮೇಲೆ ಆ ತುಣುಕಿನ ಪಿಚ್ಚನ್ನು 12 ಸೆಮಿಟೋನ್ ಇಳಿಸಿ. ನುಡಿಸುತ್ತಲೇ ಇಳಿಸಲು ಹೋದರೆ ತಡ ಹೆಚ್ಚಿ ಲಯ ಕೆಡುತ್ತದೆ. ಎರಡು ಸ್ವರ ಒಟ್ಟಿಗೆ ಬಂದರೆ ಪಿಚ್ ಶಿಫ್ಟರ್ ಗಲಿಬಿಲಿಯಾಗಿ ಗೊರಗೊರ ಎನ್ನುತ್ತದೆ, ಆದ್ದರಿಂದ ಪಕ್ಕದ ತಂತಿಗಳಿಗೆ ಸ್ಪಂಜಿನ ಚೂರು ಸಿಕ್ಕಿಸಿ. ಗಿಟಾರಿನ ಕೆಳಗಿನ ಇ ತಂತಿ 82 ಹರ್ಟ್ಸ್, ಇಳಿಸಿದರೆ 41: ಬಾಸ್ ಗಿಟಾರಿನದೇ ಸ್ಥಾಯಿ. 30 ಹರ್ಟ್ಸ್ ಕೆಳಗೂ 3 ಕಿಲೋಹರ್ಟ್ಸ್ ಮೇಲೂ ಕತ್ತರಿಸಿ. ಆ ಕಾಲದ ಬಾಸ್ ಧ್ವನಿಗಳಲ್ಲಿ ಎಷ್ಟೋ ಹಳೆಯ ಚಪ್ಪಟೆ ಸುತ್ತಿನ ತಂತಿಯವು, ಮೊಂಡಾಗಿದ್ದವು. ಈ ಉಪಾಯದ ಮೊಂಡುತನ ಅಲ್ಲಿ ಒದಗಿಬರುತ್ತದೆ. ಹೆಬ್ಬೆರಳಿನಿಂದ ಫಟ್ ಎನಿಸುವ ಸ್ಲ್ಯಾಪ್ ಮಾತ್ರ ಹೀಗೆ ಬಾರದು, ಅದಕ್ಕೆ ನಿಜವಾದ ಬಾಸೇ ಬೇಕು.

ಡ್ರಮ್‌ಗೆ ಮಿಡಿ ಪ್ಲಗಿನ್ (ಬರೆದಿಟ್ಟ ಸೂಚನೆಯಂತೆ ಡ್ರಮ್ ನುಡಿಸುವ ಸಾಫ್ಟ್‌ವೇರ್) ಬಳಸಿ. ಮೇಲಿನ ಗದಗಿನ ಉತ್ತರದ ಲೆಕ್ಕದಲ್ಲೇ ಹೇಳುವುದಾದರೆ ಕಿಕ್ 1, 3, 11. ಸ್ನೇರ್ 5, 13. ಪಿಸುಮಾತಿನಂಥ ಸಣ್ಣ ಸ್ನೇರ್ 8, 10, 16. ದೊಡ್ಡ ಸ್ನೇರ್‌ಗೆ ವೆಲಾಸಿಟಿ (ಹೊಡೆತದ ಜೋರು) 110 ಇದ್ದರೆ ಸಣ್ಣದಕ್ಕೆ 25ರಿಂದ 40 ಮಾತ್ರ. ಇಲ್ಲಿ 60, 70 ಇಟ್ಟರೆ ಗಿಟಾರಿನ 'ಕ'ಗಳ ಮೇಲೆ ಬಿದ್ದು ಎರಡೂ ಹಾಳು. ಹೈಹ್ಯಾಟ್ 16 ಮಾತ್ರೆಗೂ ಇರಲಿ, ನಾಲ್ಕರ ಗುಂಪಿನಲ್ಲಿ 100, 55, 80, 55. ಕ್ವಾಂಟೈಸ್ (ಹೊಡೆತಗಳನ್ನು ಲೆಕ್ಕದ ಜಾಗಕ್ಕೆ ಸರಿಸುವುದು) ಪೂರ್ತಿ ಮಾಡದೆ 85 ಶೇಕಡ, ಸ್ವಿಂಗ್ (ಸಮ ಮಾತ್ರೆಗಳನ್ನು ಚೂರು ತಡವಾಗಿಸುವುದು) 53ರಿಂದ 55 ಶೇಕಡ. ಡ್ರಮ್‌ನ ಜಾತಿ ಆರಿಸುವಾಗ ಒಣ ಸದ್ದಿನದು ಹುಡುಕಿ. ಆಗ ಚರ್ಮದ ಮೇಲೆ ಬಟ್ಟೆ ಅಂಟಿಸಿ, ಮೈಕ್ ಹತ್ತಿರ ತಂದು ರೆಕಾರ್ಡ್ ಮಾಡುತ್ತಿದ್ದರು. ದೊಡ್ಡ ಹಾಲ್‌ನ ಮಾರ್ದನಿ ಮುಂದಿನ ದಶಕದ ರುಚಿ.

ಎರಡನೇ ಗಿಟಾರ್ ಸೇರಿಸುವುದಾದರೆ ಮೊದಲನೆಯದರ ನಕಲು ಬೇಡ. ಒಂದು ಕಾರ್ಡ್ ಕೆದರಲಿ, ಇನ್ನೊಂದು ಅಂಗೈ ಒತ್ತಿದ ಒಂಟಿ ಸ್ವರದ ಸಾಲು ನುಡಿಸಲಿ. ಒಂದನ್ನು ಎಡಕ್ಕೆ 60 ಶೇಕಡ, ಇನ್ನೊಂದನ್ನು ಬಲಕ್ಕೆ 60 ಶೇಕಡ ಸರಿಸಿ. ಪ್ಲೇಟ್ ರಿವರ್ಬ್ 1.2 ಸೆಕೆಂಡ್‌ನದು ಹಾಡಿಗೂ ಸ್ನೇರ್‌ಗೂ ಸ್ವಲ್ಪ ಇರಲಿ, ಗಿಟಾರಿಗೆ ಬೇಡ. ಎಪ್ಪತ್ತರ ಆರಂಭದಲ್ಲಿ ದೊಡ್ಡ ಸ್ಟುಡಿಯೊಗಳ ಟೇಪ್ ಯಂತ್ರಗಳಿಗೂ 16 ಟ್ರ್ಯಾಕೇ ಇದ್ದವು. ನೀವೂ 16 ಮೀರಬಾರದೆಂದು ನಿಯಮ ಹಾಕಿಕೊಳ್ಳಿ. ಹದಿನೇಳನೆಯದು ಬೇಕೆನಿಸಿದಾಗ ಹಳೆಯದೊಂದನ್ನು ಅಳಿಸಬೇಕಾಗುತ್ತದೆ, ಹಾಡಿನಲ್ಲಿ ಉಸಿರಾಡಲು ಜಾಗ ಉಳಿಯುತ್ತದೆ.

ಪ್ರಶ್ನೆ: ಧಾರವಾಡದ ಮಳೆಗಾಲದಲ್ಲಿ ಗಿಟಾರ್ ಶ್ರುತಿ ಸರಿಯಿದ್ದರೂ ಏಳನೇ ಫ್ರೆಟ್ಟಿನ ಕಾರ್ಡ್ ಅಪಸ್ವರ. ಯಾಕೆ?
— ಮಾಳಮಡ್ಡಿ, ಧಾರವಾಡ

ಉತ್ತರ: ತೇವಕ್ಕೆ ಕತ್ತಿನ ಮರ ಚೂರು ಬಾಗುತ್ತದೆ, ತಂತಿ ತುಕ್ಕು ಹಿಡಿಯುತ್ತದೆ. ಮೊದಲು ಹೊಸ ತಂತಿ ಹಾಕಿ. ನಂತರ ಪ್ರತಿ ತಂತಿಯ 12ನೇ ಫ್ರೆಟ್ಟಿನಲ್ಲಿ ಹಾರ್ಮೋನಿಕ್ (ತಂತಿ ಒತ್ತದೆ ಬೆರಳು ತಾಕಿಸಿ ತೆಗೆಯುವ ಸ್ವರ) ನುಡಿಸಿ, ಅದೇ ಫ್ರೆಟ್ ಒತ್ತಿ ನುಡಿಸಿ, ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಸೇತುವೆಯ ಮೇಲಿನ ಆ ತಂತಿಯ ಸ್ಯಾಡಲ್ಲನ್ನು (ತಂತಿ ಕೂರುವ ತುಂಡನ್ನು) ಕತ್ತಿನಿಂದ ದೂರ ಸರಿಸಿ, ಇಳಿದಿದ್ದರೆ ಹತ್ತಿರ ತನ್ನಿ. ಎಲ್ಲ ಸರಿಯಿದ್ದೂ ಅಪಸ್ವರ ಬಂದರೆ ನೀವು ಬಿಗಿಯಾಗಿ ಒತ್ತುತ್ತಿದ್ದೀರಿ. 'ಛಣ್'ಗೆ ಬೇಕಾದ ಒತ್ತಡ ಬಹಳ ಕಡಿಮೆ.

ಪ್ರಶ್ನೆ: ಆಂಪ್ ಸದ್ದಿನೊಂದಿಗೇ ರೆಕಾರ್ಡ್ ಮಾಡಬೇಕೋ, ಕಚ್ಚಾ ಗಿಟಾರನ್ನೋ? ಲ್ಯಾಪ್‌ಟಾಪಿನಲ್ಲಿ ಜಾಗ ಕಡಿಮೆ.
— ಬೆಟಗೇರಿ

ಉತ್ತರ: ಕಚ್ಚಾ ಟ್ರ್ಯಾಕನ್ನೇ ರೆಕಾರ್ಡ್ ಮಾಡಿ, ಆಂಪನ್ನು ಕೇಳುವುದಕ್ಕೆ ಮಾತ್ರ ಹಾಕಿಕೊಳ್ಳಿ. ಬಾಸ್ ಮತ್ತು ಡ್ರಮ್ ಸೇರಿದ ಮೇಲೆ ಗಿಟಾರ್ ಆಂಪ್ ಬದಲಿಸಬೇಕೆನಿಸುವುದು ಖಂಡಿತ, ಆಗ ಮತ್ತೆ ನುಡಿಸುವ ತಾಪತ್ರಯ ಇರುವುದಿಲ್ಲ. ಜಾಗದ ಲೆಕ್ಕ ಇಷ್ಟು: 48 ಕಿಲೋಹರ್ಟ್ಸ್, 24 ಬಿಟ್, ಮೋನೊ ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ. ನಾಲ್ಕು ನಿಮಿಷದ ಹಾಡಿಗೆ 35 ಎಂಬಿ, 16 ಟ್ರ್ಯಾಕ್ ಪೂರ್ತಿ ತುಂಬಿದರೂ 560 ಎಂಬಿಗಿಂತ ಕಡಿಮೆ. 32 ಜಿಬಿಯ ಒಂದು ಪೆನ್‌ಡ್ರೈವ್‌ನಲ್ಲಿ ಅಂಥ ಐವತ್ತು ಹಾಡು ಹಿಡಿಯುತ್ತವೆ. ಫೈಲಿನ ಹೆಸರಿನಲ್ಲೇ ವೇಗ, ಪಿಕಪ್ ಜಾಗ, ದಿನಾಂಕ ಬರೆದಿಡಿ, ಮತ್ತು ಪೆನ್‌ಡ್ರೈವ್‌ನ ಒಂದು ಪ್ರತಿ ಬೇರೆ ಮನೆಯಲ್ಲಿರಲಿ.